ಔಷಧಿ ಕೊಡುವ ಮುಂಚೆ ‘ಯಾಕೆ’ ಗೊತ್ತಿರಲಿ

ನರ್ಸಿಂಗ್ ಓದಲು ಬಂದವರಿಗೆ ಫಾರ್ಮಕಾಲಜಿ ಪುಸ್ತಕ ಕೈಗೆ ಸಿಗುವ ಹೊತ್ತಿಗೆ ವಾರ್ಡ್ ಪೋಸ್ಟಿಂಗೂ ನಡೆದಿರುತ್ತದೆ. ಕ್ಲಾಸಿನಲ್ಲಿ ಔಷಧಿಗಳ ಪಟ್ಟಿ, ವಾರ್ಡಿನಲ್ಲಿ ನಿಯಮಗಳ ಪಟ್ಟಿ. ಹೃದಯದ ಔಷಧಿ ಡಿಜಾಕ್ಸಿನ್ ಕೊಡುವ ಮುಂಚೆ ನಾಡಿ ನೋಡಬೇಕು. ಪೊಟ್ಯಾಸಿಯಂ ಅನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಬಾರದು. ಎಸ್‌ಆರ್, ಅಂದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಪುಡಿ ಮಾಡಬಾರದು. ಮ್ಯಾಗ್ನೀಷಿಯಂ ಪಡೆಯುವ ರೋಗಿಗೆ ಮಂಡಿ ತಟ್ಟಿ ನೋಡಬೇಕು. ಎರಡು ಪಟ್ಟಿಗೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಹಾಗಾಗಿ ಎರಡನ್ನೂ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅರ್ಧ ಮರೆತುಹೋಗುತ್ತದೆ.

ಆದರೆ ಇವೆರಡೂ ಒಂದೇ ಪಾಠ. ಔಷಧಿ ಮೈಯೊಳಗೆ ಹೋಗಿ ಏನು ಮಾಡುತ್ತದೆ ಅನ್ನುವುದೇ ವಾರ್ಡಿನ ನಿಯಮಕ್ಕೆ ಕಾರಣ. ಕಾರಣ ಗೊತ್ತಿದ್ದರೆ ನಿಯಮ ತಾನಾಗಿ ನೆನಪಿರುತ್ತದೆ. ಪುಸ್ತಕದಲ್ಲಿ ಬರೆಯದ ಪರಿಸ್ಥಿತಿ ಎದುರಾದರೂ ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು ಅಂತ ಹೊಳೆಯುತ್ತದೆ. ಇಡೀ ಸಿಲಬಸ್ ಇಲ್ಲಿ ಹೇಳಲು ಹೋಗುವುದಿಲ್ಲ. ಕೆಲವೇ ಔಷಧಿಗಳನ್ನು ಹಿಡಿದು, ಅವುಗಳ ಹಿಂದೆಯೇ ಹೋಗಿ ನೋಡೋಣ.

ಮಾತ್ರೆ ನುಂಗಿದ ಮೇಲೆ

ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗುತ್ತದೆ, ಹೆಚ್ಚಾಗಿ ಸಣ್ಣ ಕರುಳಿನಲ್ಲಿ ರಕ್ತ ಸೇರುತ್ತದೆ. ರಕ್ತದ ಜೊತೆ ಮೈಯೆಲ್ಲ ಹರಡುತ್ತದೆ. ಲಿವರ್ ಅದನ್ನು ಒಡೆಯುತ್ತದೆ, ಕಿಡ್ನಿ ಹೊರಗೆ ಹಾಕುತ್ತದೆ. ಹೀರಿಕೆ, ಹರಡಿಕೆ, ಮಾರ್ಪಾಡು, ವಿಸರ್ಜನೆ ಎಂದು ಪುಸ್ತಕ ಹೇಳುವ ನಾಲ್ಕು ಹಂತ ಇಷ್ಟೇ. ಇದರಲ್ಲಿ ಒಂದು ತಿರುವು ಮಾತ್ರ ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಕರುಳಿನಿಂದ ಹೊರಟ ರಕ್ತ ಸೀದಾ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ವೇನ್ ಹಿಡಿದು ಮೊದಲು ಲಿವರ್‌ಗೆ ಹೋಗುತ್ತದೆ. ಮೈಗೆ ತಲುಪುವ ಮುಂಚೆಯೇ ಔಷಧಿಯ ಒಂದು ಪಾಲು ಅಲ್ಲಿ ಮುಗಿದುಹೋಗುತ್ತದೆ. ಇದನ್ನು ಫಸ್ಟ್ ಪಾಸ್ ಅನ್ನುತ್ತಾರೆ.

ಬಿಪಿ, ಎದೆಬಡಿತ ಇಳಿಸುವ ಪ್ರೊಪ್ರಾನೊಲಾಲ್ ನೋಡಿ. ಬಾಯಿಗೆ 40 ಎಂಜಿ ಕೊಡುತ್ತಾರೆ. ಅದೇ ಔಷಧಿಯನ್ನು ರಕ್ತನಾಳಕ್ಕೆ ಕೊಡುವಾಗ 1 ಎಂಜಿ, ಅದೂ ನಿಧಾನವಾಗಿ. ಅಂತರ ಗಮನಿಸಿದಿರಾ? ಹೆಸರು ಒಂದೇ ಆದರೂ ದಾರಿ ಬದಲಾದರೆ ಡೋಸ್ ಪೂರಾ ಬದಲಾಗುತ್ತದೆ. ಚಾರ್ಟ್‌ನಲ್ಲಿ ಔಷಧಿಯ ಹೆಸರು ಮತ್ತು ಎಂಜಿ ಇದ್ದು, ಯಾವ ದಾರಿ ಎಂದು ಬರೆದಿರದಿದ್ದರೆ ಊಹೆ ಮಾಡಿ ಕೊಡಲೇಬಾರದು. ಡಾಕ್ಟರನ್ನು ಕೇಳಿ, ಬರೆಸಿಕೊಂಡು ಕೊಡಬೇಕು.

ಎದೆನೋವಿಗೆ ಸಾರ್ಬಿಟ್ರೇಟ್ 5 ಎಂಜಿ ನಾಲಿಗೆ ಕೆಳಗೆ ಇಡುವುದೂ ಇದೇ ಕಾರಣಕ್ಕೆ. ನಾಲಿಗೆ ಕೆಳಗಿನ ರಕ್ತ ಲಿವರ್‌ಗೆ ಹೋಗದೆ ನೇರ ಹೃದಯದ ಕಡೆ ಹೋಗುತ್ತದೆ. ಹಾಗಾಗಿ ಕೆಲವೇ ನಿಮಿಷದಲ್ಲಿ ಕೆಲಸ ಶುರು. ಗಾಬರಿಯಲ್ಲಿರುವ ರೋಗಿ ಅಭ್ಯಾಸದಂತೆ ನೀರು ಕುಡಿದು ನುಂಗಿಬಿಡುತ್ತಾರೆ. ಅದಕ್ಕೇ ಮಾತ್ರೆ ಕೈಗಿಟ್ಟು ಹೋಗದೆ, “ನುಂಗಬೇಡಿ, ನೀರು ಕುಡಿಯಬೇಡಿ, ನಾಲಿಗೆ ಕೆಳಗೇ ಇಟ್ಟುಕೊಳ್ಳಿ” ಅಂತ ಹೇಳಿ, ಇಟ್ಟುಕೊಳ್ಳುವವರೆಗೂ ಪಕ್ಕದಲ್ಲೇ ನಿಲ್ಲಬೇಕು. ಈ ಔಷಧಿ ರಕ್ತನಾಳ ಹಿಗ್ಗಿಸುತ್ತದೆ, ಬಿಪಿ ಇಳಿಯುತ್ತದೆ. ಮೊದಲು ಬಿಪಿ ನೋಡಿ, ರೋಗಿಯನ್ನು ಕೂರಿಸಿ ಅಥವಾ ಮಲಗಿಸಿ, ಆಮೇಲೆ ಕೊಡಿ. ಗಂಡಸರ ಲೈಂಗಿಕ ತೊಂದರೆಗೆ ಬಳಸುವ ಸಿಲ್ಡೆನಾಫಿಲ್ (ವಯಾಗ್ರ) ತೆಗೆದುಕೊಂಡವರಿಗೆ ಇದನ್ನು ಕೊಟ್ಟರೆ ಬಿಪಿ ಪಾತಾಳಕ್ಕೆ ಹೋಗಬಹುದು. ಮನೆಯವರ ಮುಂದೆ ಆ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಸ್ವಲ್ಪ ಮರೆಯಲ್ಲಿ ಕೇಳಬೇಕು.

ಈಗ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಿರುವ ರೋಗಿ. ಮಾತ್ರೆ ಕುಟ್ಟಿ ಪುಡಿ ಮಾಡಿ ನೀರಲ್ಲಿ ಕಲಸಿ ಹಾಕುವುದು ದಿನನಿತ್ಯದ ಕೆಲಸ. ಆದರೆ ಸ್ಟ್ರಿಪ್ ಮೇಲೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್ ಅಂತ ಇದ್ದರೆ ಕೈ ನಿಲ್ಲಬೇಕು. ಇಡೀ ದಿನ ನಿಧಾನವಾಗಿ ಬಿಡುಗಡೆಯಾಗಲಿ ಅಂತ ಮಾಡಿದ ಮಾತ್ರೆ ಅದು. ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲ ರಕ್ತಕ್ಕೆ ಇಳಿಯುತ್ತದೆ. ಆಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್ ಮಾತ್ರೆಯ ಕಥೆ ಬೇರೆ. ಹೊಟ್ಟೆಯ ಆಸಿಡ್ ತಾಗದಿರಲಿ ಎಂದು ಅದರ ಮೇಲೆ ಕವಚ ಇರುತ್ತದೆ. ಕವಚ ಒಡೆದರೆ ಔಷಧಿ ಹೊಟ್ಟೆಯಲ್ಲೇ ಹಾಳಾಗುತ್ತದೆ. ಒಂದರಲ್ಲಿ ಡೋಸ್ ಜಾಸ್ತಿಯಾಯಿತು, ಇನ್ನೊಂದರಲ್ಲಿ ಇಲ್ಲದಂತಾಯಿತು. ಎರಡಕ್ಕೂ ಪರಿಹಾರ ಒಂದೇ: ಬೇರೆ ರೂಪದ ಔಷಧಿ ಬರೆದುಕೊಡಿ ಅಂತ ಡಾಕ್ಟರಿಗೆ ಹೇಳುವುದು.

ಊಟದ ವಿಷಯಕ್ಕೆ ಬಂದರೆ, ನಮ್ಮ ಕಡೆ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗುವ ಅಭ್ಯಾಸ ತುಂಬಾ. ಕಬ್ಬಿಣದ ಮಾತ್ರೆ ಟೀ ಜೊತೆ ಹೋದರೆ ಬಹುಪಾಲು ಮೈಗೆ ಹತ್ತುವುದೇ ಇಲ್ಲ. ಹಾಲು ಕೂಡ ಅಷ್ಟೇ. ನಿಂಬೆಹಣ್ಣಿನ ಪಾನಕದ ಜೊತೆ ಕೊಟ್ಟರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ತಿಂಡಿ ಕಾಫಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ವಾರ್ಡಿಗೆ ಕಾಫಿ ಬೇಗ ಬರುತ್ತದೆ ಅಂದರೆ ಈ ಮಾತ್ರೆ ಇನ್ನೂ ಬೇಗ ಹೋಗಬೇಕು. ಅದು ನೈಟ್ ಡ್ಯೂಟಿಯವರ ಕೆಲಸ.

ಡಿಜಾಕ್ಸಿನ್‌ನಿಂದ ಪೊಟ್ಯಾಸಿಯಂವರೆಗೆ

ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯಕ್ಕೆ ಹಾಫ್ ಲೈಫ್ ಅನ್ನುತ್ತಾರೆ. 100 ಇದ್ದದ್ದು 50, ಆಮೇಲೆ 25, 12.5, 6, 3. ಅಂದರೆ ಐದು ಹಾಫ್ ಲೈಫ್ ಕಳೆದರೆ ಔಷಧಿ ಹೆಚ್ಚುಕಡಿಮೆ ಖಾಲಿ. ದಿನಾ ಕೊಡುತ್ತಿದ್ದರೆ ಉಲ್ಟಾ ಲೆಕ್ಕ: ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ನಾಲ್ಕೈದು ಹಾಫ್ ಲೈಫ್ ಬೇಕು. ತಳದಲ್ಲಿ ಸೋರುವ ನೀರಿನ ಟ್ಯಾಂಕಿಗೆ ದಿನಾ ಒಂದು ಬಿಂದಿಗೆ ನೀರು ಸುರಿದ ಹಾಗೆ ಇದು. ಸೋರುವಷ್ಟೇ ಸುರಿದರೆ ಮಟ್ಟ ನಿಲ್ಲುತ್ತದೆ. ಸೋರುವ ತೂತು ಕಟ್ಟಿಕೊಂಡರೆ ಅದೇ ಬಿಂದಿಗೆಯಿಂದಲೇ ಟ್ಯಾಂಕ್ ಉಕ್ಕುತ್ತದೆ.

ಪ್ಯಾರಾಸಿಟಮಾಲ್‌ನ ಹಾಫ್ ಲೈಫ್ ಎರಡು ಮೂರು ಗಂಟೆ. ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಲ ಬೇಕು. ಡಿಜಾಕ್ಸಿನ್‌ದು ಸುಮಾರು 36 ಗಂಟೆ. ಡೋಸ್ ಶುರು ಮಾಡಿ ಮಟ್ಟ ನಿಲ್ಲಲು ಒಂದು ವಾರ ಹಿಡಿಯುತ್ತದೆ, ವಿಷವಾದರೆ ಇಳಿಯಲೂ ದಿನಗಟ್ಟಲೆ ಬೇಕು. ಇದನ್ನು ಹೊರಹಾಕುವುದು ಮುಖ್ಯವಾಗಿ ಕಿಡ್ನಿ. ವಯಸ್ಸಾದ ರೋಗಿಯ ಕಿಡ್ನಿ ಸೋತಿದ್ದರೆ ದಿನಾ ಕೊಡುವ 0.25 ಎಂಜಿ ಮಾತ್ರೆಯೇ ಮೈಯಲ್ಲಿ ಕೂಡುತ್ತಾ ಹೋಗುತ್ತದೆ. ಅದಕ್ಕೇ ಪ್ರತಿ ಡೋಸ್‌ಗೂ ಮುಂಚೆ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸುವುದು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಲದು, ಏಕೆಂದರೆ ಈ ರೋಗಿಗಳ ಬಡಿತ ಒಂದೇ ಸಮ ಇರುವುದಿಲ್ಲ. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡದೆ ಡಾಕ್ಟರಿಗೆ ತಿಳಿಸಬೇಕು. ಊಟ ಸೇರುತ್ತಿಲ್ಲ, ವಾಕರಿಕೆ, ಕಣ್ಣಿಗೆ ಎಲ್ಲಾ ಹಳದಿ ಹಳದಿ ಕಾಣುತ್ತಿದೆ ಅಂತ ರೋಗಿ ಹೇಳಿದರೂ ಅದನ್ನೇ ಮಾಡಬೇಕು.

ಇದೇ ಹೃದಯದ ರೋಗಿಗೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಲೇಸಿಕ್ಸ್ ಕೂಡ ಬರೆದಿರುತ್ತಾರೆ. ಅದು ಮೂತ್ರದ ಜೊತೆ ಪೊಟ್ಯಾಸಿಯಂ ಕೂಡ ಹೊರಗೆ ಎಳೆದುಕೊಂಡು ಹೋಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿಳಿದರೆ ಡಿಜಾಕ್ಸಿನ್ ಹೃದಯವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಡೋಸ್ ಬದಲಾಗದೆಯೇ ವಿಷವಾಗುತ್ತದೆ. ಬೆಳಗಿನ ಲ್ಯಾಬ್ ರಿಪೋರ್ಟ್ ಬಂದಾಗ ಪೊಟ್ಯಾಸಿಯಂ ಎಷ್ಟು ಅಂತ ಮೊದಲು ನೋಡಬೇಕಾದವರು ಮಾತ್ರೆ ಕೊಡುವವರೇ.

ಕಡಿಮೆ ಇದ್ದರೆ ಪೊಟ್ಯಾಸಿಯಂ ಕ್ಲೋರೈಡ್ ಬರೆಯುತ್ತಾರೆ. ಈ ಆಂಪ್ಯೂಲ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. 10 ಎಂಎಲ್, ಬಣ್ಣ ಇಲ್ಲ, ನೀರಿನ ಹಾಗೆ ತಿಳಿ. ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್ ಪಕ್ಕ ಇಟ್ಟರೆ ಅವಸರದಲ್ಲಿ ಗುರುತು ಸಿಗದೆ ಹೋಗಬಹುದು. ಆದರೆ ಒಳಗಿರುವುದು 1.5 ಗ್ರಾಂ, ಅಂದರೆ ಪೊಟ್ಯಾಸಿಯಂ ಅಳೆಯುವ ಲೆಕ್ಕದಲ್ಲಿ 20 ಮಿಲಿ ಈಕ್ವಿವಲೆಂಟ್. ಹೃದಯದ ಆಪರೇಷನ್ ಮಾಡುವಾಗ ಹೃದಯವನ್ನು ಬೇಕೆಂದೇ ನಿಲ್ಲಿಸಲು ಬಳಸುವ ದ್ರಾವಣದಲ್ಲಿ ಇರುವುದೂ ಪೊಟ್ಯಾಸಿಯಮ್ಮೇ. ಕ್ಯಾನುಲಾದಲ್ಲಿ ನೇರವಾಗಿ ತಳ್ಳಿದರೆ ವಾರ್ಡಿನಲ್ಲೂ ಅದೇ ಆಗುತ್ತದೆ. ಇಲ್ಲಿ ‘ಸ್ವಲ್ಪ ನಿಧಾನವಾಗಿ ತಳ್ಳಿದರೆ ಪರವಾಗಿಲ್ಲ’ ಅನ್ನುವ ಮಾತೇ ಇಲ್ಲ.

ಸರಿಯಾದ ರೀತಿ ಹೀಗೆ. ಒಂದು ಆಂಪ್ಯೂಲ್ ಅನ್ನು 500 ಎಂಎಲ್ ನಾರ್ಮಲ್ ಸಲೈನ್‌ಗೆ ಸೇರಿಸುವುದು. ಬಾಟಲ್ ಅನ್ನು ಸ್ಟ್ಯಾಂಡಿಗೆ ಹಾಕುವ ಮುಂಚೆಯೇ ಸೇರಿಸಿ, ಹಲವು ಸಲ ತಲೆಕೆಳಗು ಮಾಡಿ ಚೆನ್ನಾಗಿ ಬೆರೆಸಬೇಕು. ನೇತುಹಾಕಿದ ಬಾಟಲಿಗೆ ಸೇರಿಸಿದರೆ ಭಾರವಾದ ಪೊಟ್ಯಾಸಿಯಂ ತಳದಲ್ಲೇ ಕೂತು, ಮೊದಲ ಹನಿಗಳಲ್ಲೇ ಪೂರ್ತಿ ಒಳಗೆ ಹೋಗುತ್ತದೆ. ಮೇಲೆ ಲೇಬಲ್ ಅಂಟಿಸಬೇಕು. ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಮೀರಬಾರದು. ನಾಲ್ಕು ಗಂಟೆಯಲ್ಲಿ ಹೋಗಲಿ ಅಂತ ಬರೆದಿದ್ದಾರೆ ಅನ್ನಿ. ಎಂಎಲ್‌ಗೆ 20 ಹನಿಯ ಡ್ರಿಪ್ ಸೆಟ್ ಆದರೆ 500 ಅನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿ. ನಿಮಿಷಕ್ಕೆ 42 ಹನಿ. ಸೆಟ್‌ನ ಪ್ಯಾಕೆಟ್ ಮೇಲೆ ಎಂಎಲ್‌ಗೆ ಎಷ್ಟು ಹನಿ ಅಂತ ಬರೆದಿರುತ್ತದೆ, ಓದಿ. ಮೈಕ್ರೋ ಸೆಟ್ ಆದರೆ 60 ಹನಿ. ಇನ್ನೊಂದು ಮಾತು: ಮೂತ್ರ ಹೋಗುತ್ತಿದೆಯಾ ಅಂತ ನೋಡದೆ ಪೊಟ್ಯಾಸಿಯಂ ಹಚ್ಚಬೇಡಿ. ಹೊರಹೋಗುವ ದಾರಿ ಅದೇ.

ಎಂಎಲ್ ಮತ್ತು ಎಂಜಿ ಒಂದೇ ಅಲ್ಲ

ಎಂಟು ಕೆಜಿ ಮಗುವಿಗೆ ಜ್ವರ. ಪ್ಯಾರಾಸಿಟಮಾಲ್ ಕೆಜಿಗೆ 15 ಎಂಜಿಯಂತೆ 120 ಎಂಜಿ ಬೇಕು. ಸಿರಪ್‌ನಲ್ಲಿ 5 ಎಂಎಲ್‌ಗೆ 120 ಎಂಜಿ ಇದೆ, ಹಾಗಾಗಿ 5 ಎಂಎಲ್ ಕೊಟ್ಟರೆ ಸರಿ. ಅದೇ ಔಷಧಿ ಹನಿ ಬಾಟಲಿಯಲ್ಲೂ ಬರುತ್ತದೆ. ಅದರಲ್ಲಿ ಒಂದೊಂದು ಎಂಎಲ್‌ಗೂ 100 ಎಂಜಿ. ಬೇಕಾದದ್ದು 1.2 ಎಂಎಲ್ ಮಾತ್ರ. ‘5 ಎಂಎಲ್’ ಅಂತ ಮಾತ್ರ ನೆನಪಿಟ್ಟುಕೊಂಡ ತಾಯಿ ಹನಿ ಬಾಟಲಿಯಿಂದ 5 ಎಂಎಲ್ ಕುಡಿಸಿದರೆ 500 ಎಂಜಿ ಹೋಯಿತು, ನಾಲ್ಕು ಪಟ್ಟಿಗಿಂತ ಜಾಸ್ತಿ. ಡಿಸ್ಚಾರ್ಜ್ ದಿನ ಬಾಟಲಿ ಕೈಯಲ್ಲಿ ಹಿಡಿದು, ಇದರ ಮುಚ್ಚಳದಲ್ಲಿ ಇಷ್ಟು, ಈ ಗೆರೆಯವರೆಗೆ ಅಂತ ತೋರಿಸಿ ಕಳಿಸುವುದು ಔಷಧಿ ಕೊಡುವ ಕೆಲಸದ ಭಾಗವೇ.

ಇನ್ಸುಲಿನ್ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ದೊಡ್ಡ ತೊಡಕಿದೆ. ಎಂಎಲ್‌ಗೆ 40 ಯೂನಿಟ್ ಇರುವ ವಯಲ್ಲೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಸಿರಿಂಜೂ ಬೇರೆ ಬೇರೆ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 20 ಯೂನಿಟ್ ಬರೆದಿದ್ದಾರೆ, ಕೈಯಲ್ಲಿ 100ರ ವಯಲ್ ಇದೆ, ಸಿರಿಂಜ್ ಕೆಂಪು ಮುಚ್ಚಳದ್ದು ಅಂದುಕೊಳ್ಳಿ. 20ರ ಗೆರೆಯವರೆಗೆ ಎಳೆದರೆ ಒಳಗೆ ಬಂದದ್ದು ಅರ್ಧ ಎಂಎಲ್, ಅಂದರೆ 50 ಯೂನಿಟ್. ಉಲ್ಟಾ ಮಾಡಿದರೆ, 40ರ ವಯಲ್ಲಿನಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ, ಸಿಕ್ಕಿದ್ದು ಬರೀ 8 ಯೂನಿಟ್. ಗೆರೆ ಸರಿಯಾಗಿಯೇ ಇತ್ತು, ನರ್ಸ್ ಸರಿಯಾಗಿಯೇ ಓದಿದ್ದರು. ಆದರೂ ಮೊದಲ ರೋಗಿಗೆ ಎರಡೂವರೆ ಪಟ್ಟು ಹೋಯಿತು, ಎರಡನೆಯವರಿಗೆ ಅರ್ಧಕ್ಕಿಂತ ಕಡಿಮೆ. ಮನೆಯಲ್ಲಿ ಪೆನ್ ಕೆಟ್ಟಾಗ ಅದರ ಕಾರ್ಟ್ರಿಡ್ಜ್‌ನಿಂದ ಸಿರಿಂಜಿನಲ್ಲಿ ಎಳೆದುಕೊಳ್ಳುವವರೂ ಇದ್ದಾರೆ. ಕಾರ್ಟ್ರಿಡ್ಜ್ ಸಾಮಾನ್ಯವಾಗಿ 100ರದ್ದು. ರೋಗಿಗೆ ಇದನ್ನು ತಪ್ಪದೆ ಹೇಳಿ. ಇನ್ನು ಬರೆಯುವಾಗ ಯೂನಿಟ್ ಎಂದು ಪೂರ್ತಿ ಬರೆಯಬೇಕು. ಇಂಗ್ಲಿಷಿನ ಯು ಅಕ್ಷರ ಅವಸರದಲ್ಲಿ ಸೊನ್ನೆಯಂತೆ ಕಂಡರೆ 10 ಯೂನಿಟ್ 100 ಆಗುತ್ತದೆ.

ತಿಳಿ ಇನ್ಸುಲಿನ್ ಮತ್ತು ಹಾಲಿನಂತಿರುವ ಎನ್‌ಪಿಎಚ್ ಎರಡನ್ನೂ ಒಂದೇ ಸಿರಿಂಜಿನಲ್ಲಿ ಕೊಡುವಾಗ ತಿಳಿಯಾಗಿರುವುದನ್ನು ಮೊದಲು ಎಳೆಯಬೇಕು. ಇದಕ್ಕೂ ಕಾರಣ ಇದೆ. ಎನ್‌ಪಿಎಚ್‌ನಲ್ಲಿ ಕೆಲಸ ನಿಧಾನ ಮಾಡುವ ಪ್ರೊಟಮಿನ್ ಇರುತ್ತದೆ. ಅದರ ಹನಿ ತಿಳಿ ಇನ್ಸುಲಿನ್ ವಯಲ್ಲಿಗೆ ಸೇರಿದರೆ ಆ ಇಡೀ ವಯಲ್ ಬೇಗ ಕೆಲಸ ಮಾಡುವ ಗುಣ ಕಳೆದುಕೊಳ್ಳುತ್ತದೆ. ತಿಳಿ ಇನ್ಸುಲಿನ್ ಅರ್ಧ ಗಂಟೆಯಲ್ಲಿ ಶುರುವಾಗಿ ಎರಡರಿಂದ ನಾಲ್ಕು ಗಂಟೆಗೆ ಏರುತ್ತದೆ. ಹಾಗಾಗಿ ಇಂಜೆಕ್ಷನ್ ಕೊಡುವ ಮುಂಚೆ ಊಟ ಬಂತಾ ಅಂತ ಕೇಳಿ. ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಇರಿಸಿದ್ದಾರಾ ಅಂತಲೂ ಕೇಳಿ. ರಾತ್ರಿ ಕೊಟ್ಟ ಎನ್‌ಪಿಎಚ್ ಏರುವುದು ನಡುರಾತ್ರಿ ದಾಟಿದ ಮೇಲೆ. ಮೂರು ಗಂಟೆಗೆ ಬೆವರಿ ಒದ್ದೆಯಾಗಿ ಮಲಗಿರುವ ರೋಗಿಯನ್ನು ಸೆಖೆ ಅಂತ ಬಿಡಬೇಡಿ, ಶುಗರ್ ಪರೀಕ್ಷೆ ಮಾಡಿ. 70ಕ್ಕಿಂತ ಕಡಿಮೆ ಇದ್ದು ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ತಕ್ಷಣ ಡಾಕ್ಟರನ್ನು ಕರೆಯಬೇಕು. ಅವರಿಗೆ ರಕ್ತನಾಳದಲ್ಲಿ ಡೆಕ್ಸ್ಟ್ರೋಸ್ ಬೇಕು. ಮೊದಲು ಹೇಳಿದ ಪ್ರೊಪ್ರಾನೊಲಾಲ್ ತೆಗೆದುಕೊಳ್ಳುವವರಲ್ಲಿ ಶುಗರ್ ಇಳಿದರೂ ಕೈ ನಡುಕ, ಎದೆಬಡಿತ ಕಾಣಿಸದೆ ಹೋಗಬಹುದು. ಬೆವರು ಮಾತ್ರ ಕಾಣುತ್ತದೆ.

ಮಂಡಿ ತಟ್ಟುವುದು ಯಾಕೆ

ಬಿಪಿ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮ್ಯಾಗ್ನೀಷಿಯಂ ಸಲ್ಫೇಟ್ ಕೊಡುತ್ತಾರೆ. ಆಂಪ್ಯೂಲ್ ಮೇಲೆ 50 ಪರ್ಸೆಂಟ್ ಅಂತ ಇರುತ್ತದೆ. ಅಂದರೆ 100 ಎಂಎಲ್‌ಗೆ 50 ಗ್ರಾಂ, ಒಂದು ಎಂಎಲ್‌ಗೆ ಅರ್ಧ ಗ್ರಾಂ. 2 ಎಂಎಲ್ ಆಂಪ್ಯೂಲ್‌ನಲ್ಲಿ 1 ಗ್ರಾಂ. ದೊಡ್ಡ ಆಸ್ಪತ್ರೆಗೆ ಕಳಿಸುವ ಮುಂಚೆ ಆರೋಗ್ಯ ಕೇಂದ್ರದಲ್ಲಿ ಎಎನ್‌ಎಂ ಕೊಡುವ ಮೊದಲ ಡೋಸ್ 10 ಗ್ರಾಂ, ಅಂದರೆ ಹತ್ತು ಆಂಪ್ಯೂಲ್. ಒಂದೊಂದು ಪೃಷ್ಠಕ್ಕೆ 10 ಎಂಎಲ್, ಸ್ನಾಯುವಿನ ಆಳಕ್ಕೆ. ರಕ್ತನಾಳಕ್ಕೆ 4 ಗ್ರಾಂ ಕೊಡುವುದಾದರೆ 8 ಎಂಎಲ್ ತೆಗೆದುಕೊಂಡು 12 ಎಂಎಲ್ ಡಿಸ್ಟಿಲ್ಡ್ ವಾಟರ್ ಬೆರೆಸುತ್ತಾರೆ. 20 ಎಂಎಲ್‌ನಲ್ಲಿ 4 ಗ್ರಾಂ, ಅದು 20 ಪರ್ಸೆಂಟ್ ಆಯಿತು. 50 ಪರ್ಸೆಂಟ್‌ದನ್ನು ಹಾಗೇ ರಕ್ತನಾಳಕ್ಕೆ ಕೊಡುವಂತಿಲ್ಲ.

ಮ್ಯಾಗ್ನೀಷಿಯಂ ನರ ಮತ್ತು ಸ್ನಾಯುವಿನ ನಡುವಿನ ಸಂದೇಶವನ್ನು ಮಂದ ಮಾಡುತ್ತದೆ. ರಕ್ತದಲ್ಲಿ ಜಾಸ್ತಿಯಾದಂತೆ ಮೊದಲು ಮಂಡಿ ತಟ್ಟಿದಾಗ ಕಾಲು ಎಗರುವುದು ನಿಲ್ಲುತ್ತದೆ. ಇನ್ನೂ ಏರಿದರೆ ಉಸಿರಾಟ ನಿಲ್ಲುತ್ತದೆ. ಆಮೇಲೆ ಹೃದಯ. ಮಂಡಿ ಮೊದಲೇ ಎಚ್ಚರಿಸುತ್ತದೆ, ಅದಕ್ಕೇ ತಟ್ಟಿ ನೋಡುವುದು. ಮುಂದಿನ ಡೋಸ್‌ಗೆ ಮುಂಚೆ ಮೂರು ನೋಡಬೇಕು: ಮಂಡಿ ಎಗರುತ್ತಿದೆಯಾ, ಉಸಿರಾಟ ನಿಮಿಷಕ್ಕೆ 16 ಆದರೂ ಇದೆಯಾ, ಮೂತ್ರ ಗಂಟೆಗೆ 30 ಎಂಎಲ್ ಆದರೂ ಹೋಗುತ್ತಿದೆಯಾ. ಮ್ಯಾಗ್ನೀಷಿಯಂ ಹೊರಹೋಗುವುದು ಕಿಡ್ನಿಯಿಂದ, ಹಾಗಾಗಿ ಮೂತ್ರದ ಲೆಕ್ಕ. ಒಂದು ಸರಿ ಇಲ್ಲದಿದ್ದರೂ ಡೋಸ್ ತಡೆಹಿಡಿದು ಡಾಕ್ಟರಿಗೆ ಹೇಳಿ. ಪ್ರತಿವಿಷ ಕ್ಯಾಲ್ಸಿಯಂ ಗ್ಲೂಕೋನೇಟ್, 10 ಪರ್ಸೆಂಟ್‌ದು 10 ಎಂಎಲ್. ಹುಡುಕುವ ಹೊತ್ತು ಇರುವುದಿಲ್ಲ, ಮೊದಲೇ ಟ್ರೇಯಲ್ಲಿ ಇಟ್ಟಿರಬೇಕು.

ಹೆಸರು ಕೇಳುವುದು, ಸಹಿ ಹಾಕುವುದು

ಸರಿಯಾದ ರೋಗಿ, ಸರಿಯಾದ ಔಷಧಿ, ಡೋಸ್, ದಾರಿ, ಸಮಯ. ಈ ಐದು ಸರಿಗಳನ್ನು ಎಲ್ಲರೂ ಹೇಳುತ್ತಾರೆ. ಮೊದಲನೆಯದೇ ಕಷ್ಟ. ಒಂದೇ ಫೀಮೇಲ್ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ಅಪರೂಪವೇನಲ್ಲ. “ಲಕ್ಷ್ಮಮ್ಮ ಅಲ್ವಾ?” ಅಂತ ಕೇಳಿದರೆ ಕಿವಿ ಮಂದ ಇರುವ ಅಜ್ಜಿ ಯಾರೇ ಆಗಿರಲಿ ಹೂಂ ಅನ್ನುತ್ತಾರೆ. “ಅಜ್ಜಿ, ನಿಮ್ಮ ಹೆಸರು ಹೇಳಿ” ಅಂತ ಕೇಳಬೇಕು, ಅವರ ಬಾಯಿಂದಲೇ ಬರಬೇಕು. ಯಜಮಾನರ ಹೆಸರು ಕೇಳಿದರೆ ಹೇಳಲು ಸಂಕೋಚಪಡುವ ಹಿರಿಯರು ಇನ್ನೂ ಇದ್ದಾರೆ. ಹಾಗಾಗಿ ಕೈಪಟ್ಟಿಯ ಐಪಿ (ಒಳರೋಗಿ) ನಂಬರ್ ಅನ್ನು ಚಾರ್ಟ್ ಜೊತೆ ಹೋಲಿಸುವುದೇ ಭದ್ರ. ಬೆಡ್ ನಂಬರ್ ನಂಬಬೇಡಿ, ಬೆಡ್ ಬದಲಾಗುತ್ತಲೇ ಇರುತ್ತದೆ. “ದಿನಾ ಕೊಡೋ ಮಾತ್ರೆ ಬೇರೆ ಬಣ್ಣ ಇತ್ತಲ್ಲ” ಅಂತ ರೋಗಿ ಅಂದರೆ ಅಲ್ಲಿಗೇ ನಿಂತು ಮತ್ತೆ ಚಾರ್ಟ್ ನೋಡಿ. ಕಂಪನಿ ಬದಲಾಗಿರಬಹುದು, ಔಷಧಿಯೇ ಬದಲಾಗಿರಲೂಬಹುದು.

ಅಲರ್ಜಿ ಇದೆಯಾ ಅಂತ ಪ್ರತಿ ಹೊಸ ಇಂಜೆಕ್ಷನ್‌ಗೂ ಮುಂಚೆ ಕೇಳಿ. ಕೇಳಿಯೂ ಒಮ್ಮೊಮ್ಮೆ ಆಗಿಬಿಡುತ್ತದೆ: ಮೈ ದದ್ದು, ಉಸಿರು ಕಟ್ಟುವುದು, ಬಿಪಿ ಬೀಳುವುದು. ಆಗ ಮೊದಲ ಔಷಧಿ ಅಡ್ರಿನಲಿನ್. ದೊಡ್ಡವರಿಗೆ ಎಂಎಲ್‌ಗೆ 1 ಎಂಜಿ ಇರುವ ಆಂಪ್ಯೂಲ್‌ನಿಂದ ಅರ್ಧ ಎಂಎಲ್, ತೊಡೆಯ ಹೊರಭಾಗದ ಸ್ನಾಯುವಿಗೆ. ಚರ್ಮದ ಕೆಳಗೆ ಕೊಟ್ಟರೆ ಅಡ್ರಿನಲಿನ್ ಅಲ್ಲಿನ ರಕ್ತನಾಳಗಳನ್ನೇ ಬಿಗಿದು ತನ್ನ ದಾರಿ ತಾನೇ ಮುಚ್ಚಿಕೊಳ್ಳುತ್ತದೆ. ತೊಡೆಯ ಸ್ನಾಯುವಿನಲ್ಲಿ ರಕ್ತದ ಓಡಾಟ ಜಾಸ್ತಿ, ಬೇಗ ತಲುಪುತ್ತದೆ. ಅಲರ್ಜಿಗೆ ಕೊಡುವ ಆವಿಲ್, ಹೈಡ್ರೋಕಾರ್ಟಿಸೋನ್ ಎಲ್ಲ ಆಮೇಲೆ. ಅವನ್ನು ಮೊದಲು ಕೊಟ್ಟು ಕಾಯುವುದು ಅಪಾಯ ಅಂತ ನಾನು ಒತ್ತಿ ಹೇಳುತ್ತೇನೆ.

ಸಹಿ ಹಾಕುವುದು ಕೊಟ್ಟ ಮೇಲೆ. ಟ್ರಾಲಿ ತಳ್ಳುವ ಮುಂಚೆಯೇ ಇಡೀ ವಾರ್ಡಿನ ಚಾರ್ಟ್‌ಗೆ ಸಹಿ ಹಾಕಿಟ್ಟರೆ, ವಾಂತಿ ಮಾಡಿಕೊಂಡವರು, ಎಕ್ಸ್‌ರೇಗೆ ಹೋದವರು, ಬೇಡ ಅಂದವರು ಎಲ್ಲರೂ ಕಾಗದದ ಮೇಲೆ ಔಷಧಿ ತೆಗೆದುಕೊಂಡವರೇ ಆಗುತ್ತಾರೆ. ಮುಂದಿನ ಶಿಫ್ಟ್‌ನವರು ಅದನ್ನೇ ನಂಬಿ ಡೋಸ್ ಬಿಡುತ್ತಾರೆ ಅಥವಾ ಏರಿಸುತ್ತಾರೆ. ಕೊಡದಿದ್ದರೆ ಯಾಕೆ ಕೊಡಲಿಲ್ಲ ಅಂತ ಬರೆಯಿರಿ. ನೋವಿನ ಇಂಜೆಕ್ಷನ್ ಕೊಟ್ಟರೆ ಅರ್ಧ ಗಂಟೆ ಬಿಟ್ಟು ಹೋಗಿ ನೋವು ಇಳಿಯಿತಾ ಅಂತ ಕೇಳಿ, ಅದನ್ನೂ ಬರೆಯಿರಿ. ಔಷಧಿಯಿಂದ ಅಡ್ಡಪರಿಣಾಮ ಕಂಡರೆ ಭಾರತದ ಫಾರ್ಮಕೋವಿಜಿಲೆನ್ಸ್ (ಔಷಧಿ ಸುರಕ್ಷತೆಯ ನಿಗಾ) ಕಾರ್ಯಕ್ರಮಕ್ಕೆ ನರ್ಸ್ ತಾವೇ ವರದಿ ಮಾಡಬಹುದು, ಡಾಕ್ಟರೇ ಮಾಡಬೇಕು ಅಂತೇನಿಲ್ಲ. 1800 180 3024 ಅದರ ಉಚಿತ ಸಹಾಯವಾಣಿ. ಔಷಧಿಯೇ ಕಾರಣ ಅಂತ ಖಚಿತವಾಗಿರಬೇಕಿಲ್ಲ, ಅನುಮಾನ ಇದ್ದರೂ ಸಾಕು.